ಅಭಿಮಾನಿಗಳ ವಂತಿಗೆಯಲ್ಲಿ ಎಳೆಯರ ಫುಟ್ಬಾಲ್

ಸಿಂಧನೂರು, ಲಿಂಗಸೂಗೂರು, ಮಸ್ಕಿಯಂತಹ ತಾಲ್ಲೂಕು ಕೇಂದ್ರದ ಹುಡುಗನಿಗೆ ಫುಟ್ಬಾಲ್ ಕಲಿಸುವ ವೆಚ್ಚವನ್ನು ಭರಿಸುವವರು ಯಾರು? 2013ರಲ್ಲಿ ಆರಂಭವಾದ ಬೆಂಗಳೂರು ಎಫ್‌ಸಿಗೆ ಜಿಂದಾಲ್ ಸಮೂಹದ ಬೆಂಬಲ ದೊರೆಯಿತು. ಸಣ್ಣ ಊರಿನ ಕ್ಲಬ್‌ಗೆ ಅಂತಹ ಭಾಗ್ಯವಿಲ್ಲ. ಅದಕ್ಕೆ ಅಭಿಮಾನಿಗಳ ವಂತಿಗೆಯೇ ಆಸರೆ.

ಇದು ಹುಚ್ಚು ಸಾಹಸವೇನೂ ಅಲ್ಲ. ಇಂಗ್ಲೆಂಡಿನ ಎಕ್ಸೆಟರ್ ಸಿಟಿ ಕ್ಲಬ್ 2003ರಲ್ಲಿ ಸಾಲದಲ್ಲಿ ಮುಳುಗಿದಾಗ ಬೆಂಬಲಿಗರ ಟ್ರಸ್ಟ್ ಅದನ್ನು ವಹಿಸಿಕೊಂಡಿತು. ಆಟಗಾರರನ್ನು ಕೊಳ್ಳಲು ಹಣವಿಲ್ಲದ ಕ್ಲಬ್ ಅವರನ್ನು ಬೆಳೆಸುವ ಹಾದಿ ಹಿಡಿಯಿತು. ಅಲ್ಲಿ ಪಳಗಿದ ಓಲಿ ವಾಟ್ಕಿನ್ಸ್ 2017ರಲ್ಲಿ ಬ್ರೆಂಟ್‌ಫರ್ಡ್ ಪಾಲಾದರು. 2020ರಲ್ಲಿ ಅವರು ಆಸ್ಟನ್ ವಿಲ್ಲಾ ಸೇರಿದಾಗಲೂ ಮೂಲ ಕ್ಲಬ್‌ಗೆ ಪಾಲು ಸಂದಿತು. 2024ರ ಯೂರೊ ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಗೆಲುವಿನ ಗೋಲು ಗಳಿಸಿದವರು ಇವರೇ.

ತರಬೇತಿ ನೀಡಿದ ಕ್ಲಬ್‌ಗೆ ಫಿಫಾ ನಿಯಮದಲ್ಲೂ ಪಾಲಿದೆ. ಒಪ್ಪಂದದಲ್ಲಿರುವ ಆಟಗಾರನನ್ನು ಬೇರೆ ದೇಶದ ಕ್ಲಬ್ ಕೊಂಡರೆ, ವರ್ಗಾವಣೆ ಶುಲ್ಕದ ಶೇ 5ರಷ್ಟನ್ನು 12ರಿಂದ 23ನೇ ವಯಸ್ಸಿನವರೆಗೆ ಆತನಿಗೆ ತರಬೇತಿ ನೀಡಿದ ಕ್ಲಬ್‌ಗಳಿಗೆ ಹಂಚಬೇಕು. 15ರವರೆಗೆ ವರ್ಷಕ್ಕೆ ಶೇ 0.25, ಅನಂತರ ಶೇ 0.5. ಶುಲ್ಕ 1 ಕೋಟಿ ರೂಪಾಯಿ ಎಂದಿಟ್ಟುಕೊಂಡರೆ, ಮೊದಲ ನಾಲ್ಕು ವರ್ಷ ಕಲಿಸಿದ ಕ್ಲಬ್‌ಗೆ 1 ಲಕ್ಷ. ಊರ ಕ್ಲಬ್‌ಗೆ ಅದು ಸಣ್ಣ ಮೊತ್ತವಲ್ಲ.

ತೊಡಕಿರುವುದು ದಾಖಲೆಯಲ್ಲಿ. ಕ್ಲಬ್ ಮಾನ್ಯತೆ ಪಡೆದು, ಹುಡುಗನ ಹೆಸರನ್ನು ರಾಜ್ಯ ಸಂಸ್ಥೆಯ ಮೂಲಕ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್‌ನಲ್ಲಿ ನೋಂದಾಯಿಸಿರಬೇಕು. ಕಲಿಸಿದ್ದು ಊರಿಗೆಲ್ಲ ತಿಳಿದಿದ್ದರೂ ಕಾಗದವಿಲ್ಲದಿದ್ದರೆ ಬಿಡಿಗಾಸೂ ದಕ್ಕದು. ವಂತಿಗೆಯ ಮೊದಲ ಖರ್ಚು ಜರ್ಸಿಗಲ್ಲ, ಈ ನೋಂದಣಿಗೆ ಆಗಬೇಕಾದದ್ದು ಅದಕ್ಕಾಗಿಯೇ.