ತುಪ್ಪುಳವಿಲ್ಲದ ಮಾರ್ಜಾಲ

ಬೆಕ್ಕೆಂದೊಡನೆ ಮನಸ್ಸಿಗೆ ಬರುವುದು ಅದರ ಮೃದುವಾದ ತುಪ್ಪುಳ. ಮಡಿಲಲ್ಲಿ ಮುದುಡಿ ಮಲಗಿದ ಬೆಕ್ಕಿನ ಬೆನ್ನ ಮೇಲೆ ಕೈಯಾಡಿಸುವ ಸುಖಕ್ಕಾಗಿಯೇ ಎಷ್ಟೋ ಗೃಹಿಣಿಯರು ಅದರ ಹಾಲುಗಳ್ಳತನವನ್ನು ಮನ್ನಿಸುತ್ತಾರೆ. ಹೀಗಿರುವಾಗ, ಮೈಮೇಲೆ ರೋಮವೇ ಕಾಣದ, ಚರ್ಮವೆಲ್ಲ ನಿರಿಗೆಗಟ್ಟಿದ, ಬಾವಲಿಯಂತೆ ದೊಡ್ಡ ಕಿವಿಗಳುಳ್ಳ ಬೆಕ್ಕಿನ ಮರಿಯೊಂದನ್ನು ಸಾವಿರಾರು ಡಾಲರು ತೆತ್ತು ಮನೆಗೆ ತರುವವರಿದ್ದಾರೆಂದರೆ ಯಾರಿಗಾದರೂ ಸೋಜಿಗವಾಗದೆ ಇರದು. ಆದರೂ ಇದು ನಿಜ. ಸ್ಫಿಂಕ್ಸ್ ಎಂಬ ಈ ತಳಿ ಅಮೆರಿಕ, ಯೂರೋಪುಗಳಲ್ಲಿ ಬಹು ಜನಪ್ರಿಯ; ಭಾರತದ ದೊಡ್ಡ ನಗರಗಳಲ್ಲಿಯೂ ಇದರ ಮರಿಗಳು ಮಾರಾಟಕ್ಕೆ ಬರತೊಡಗಿವೆ. ಮೊದಲ ನೋಟಕ್ಕೆ ಮುಖ ಸಿಂಡರಿಸಿದವರೇ ಅರ್ಧ ಗಂಟೆಯಲ್ಲಿ ಅದರ ದಾಸರಾಗಿಬಿಡುವುದುಂಟು. ಅಷ್ಟು ಸ್ನೇಹಶೀಲ ಪ್ರಾಣಿ ಅದು. ಬೆಕ್ಕಿನ ಬಿಗುಮಾನ ಅದಕ್ಕಿಲ್ಲ; ನಾಯಿಯಂತೆ ಒಡೆಯನ ಹಿಂದೆಯೇ ಸುತ್ತುತ್ತದೆ, ರಾತ್ರಿ ಹೊದಿಕೆಯೊಳಕ್ಕೆ ನುಸುಳುತ್ತದೆ. ಈ ಸ್ನೇಹದಲ್ಲಿ ಪ್ರೀತಿಯ ಪಾಲೆಷ್ಟು, ಚಳಿಯ ಪಾಲೆಷ್ಟು ಎಂಬುದು ಬೇರೆ ಮಾತು!

ಟೊರಾಂಟೊದ ಬೋಳು ಮರಿ

ಹೆಸರೇನೋ ಈಜಿಪ್ಟಿನದು. ಗೀಜಾದ ಮರುಭೂಮಿಯಲ್ಲಿ ಸಿಂಹದ ದೇಹವನ್ನೂ ಮನುಷ್ಯನ ಮುಖವನ್ನೂ ತಳೆದು ಕುಳಿತಿರುವ ಮಹಾಶಿಲ್ಪದಿಂದ ಅದನ್ನು ಎರವಲು ತಂದದ್ದು. ಬೆಕ್ಕಿಗೂ ಈಜಿಪ್ಟಿಗೂ ಅದರಾಚೆಗೆ ಯಾವ ನಂಟೂ ಇಲ್ಲ. 1966ರ ಜನವರಿಯಲ್ಲಿ ಕೆನಡದ ಟೊರಾಂಟೊ ನಗರದ ಸಾಮಾನ್ಯ ಮನೆಬೆಕ್ಕೊಂದು ಮರಿ ಹಾಕಿತು. ಮರಿಗಳಲ್ಲೊಂದಕ್ಕೆ ಮೈಮೇಲೆ ತುಪ್ಪುಳವಿರಲಿಲ್ಲ. ಹಿಮ ಸುರಿಯುವ ನಾಡಿನಲ್ಲಿ, ಅದೂ ಜನವರಿಯಲ್ಲಿ, ಬರಿಮೈಯಲ್ಲಿ ಹುಟ್ಟುವುದಕ್ಕಿಂತ ಅಶುಭ ಮುಹೂರ್ತ ಇನ್ನೊಂದಿರಲಾರದು. ಪ್ರೂನ್ ಎಂದು ಹೆಸರಾದ ಆ ಗಂಡುಮರಿ ಬದುಕಿತು. ಅದನ್ನೇ ಮೂಲಪುರುಷನನ್ನಾಗಿ ಮಾಡಿಕೊಂಡು ಹೊಸ ತಳಿಯನ್ನು ಬೆಳೆಸುವ ಯತ್ನ ನಡೆಯಿತು. ಆದರೆ ಆ ವಂಶ ಉದ್ಧಾರವಾಗಲಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿಯೇ ಕೂಡಿಸಿದ್ದರಿಂದ ಮರಿಗಳು ದುರ್ಬಲವಾದವು. ಬೆಕ್ಕುಗಳ ವಂಶಾವಳಿಯನ್ನು ದಾಖಲಿಸುವ ಅಮೆರಿಕದ ಸಿ.ಎಫ್.ಎ. ಸಂಸ್ಥೆ ಮೊದಲು ಕೊಟ್ಟಿದ್ದ ತಾತ್ಕಾಲಿಕ ಮನ್ನಣೆಯನ್ನು 1971ರಲ್ಲಿ ಹಿಂತೆಗೆದುಕೊಂಡಿತು.

ಕತೆ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ 1975ರಲ್ಲಿ ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಹೊಲಮನೆಯೊಂದರಲ್ಲಿ ಇಂಥದೇ ಮರಿ ಹುಟ್ಟಿತು, ಮರುವರ್ಷ ಮತ್ತೊಂದು. 1970ರ ದಶಕದ ಕೊನೆಯಲ್ಲಿ ಟೊರಾಂಟೊದ ಬೀದಿಗಳಲ್ಲಿ ಪುನಃ ಮೂರು ಬೋಳು ಮರಿಗಳು ದೊರೆತವು. ಅವುಗಳಲ್ಲಿ ಪಂಕಿ, ಪಲೋಮ ಎಂಬ ಎರಡು ಹೆಣ್ಣುಮರಿಗಳು ಸಮುದ್ರ ದಾಟಿ ಹಾಲೆಂಡಿಗೆ ಹೋದವು. ಅಲ್ಲಿ ಡೆವನ್ ರೆಕ್ಸ್ ಎಂಬ ಗುಂಗುರು ರೋಮದ ಇಂಗ್ಲಿಷ್ ತಳಿಯೊಡನೆ ಸಂಬಂಧ ಬೆಳೆಸಲಾಯಿತು. ಇಂದಿನ ಸ್ಫಿಂಕ್ಸ್ ಬೆಕ್ಕುಗಳು ಇಳಿದು ಬಂದಿರುವುದು ಹೆಚ್ಚುಪಾಲು ಈ ಮಿನ್ನೆಸೋಟದ, ಹಾಲೆಂಡಿನ ಕವಲುಗಳಿಂದಲೇ. ಈ ಹಾಲೆಂಡಿನ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಬೋಳುತನದ ಗುಟ್ಟು ಬಯಲಾದದ್ದು 2010ರಲ್ಲಿ. ಕೂದಲಿನ ಬೇರನ್ನು ಒಳಗಿನಿಂದ ಭದ್ರವಾಗಿ ಹಿಡಿದಿಡುವ ಕೆರಾಟಿನ್ ವಸ್ತುವೊಂದನ್ನು ರೂಪಿಸುವ ಜೀನಿನಲ್ಲಿ ಇವುಗಳಿಗೆ ದೋಷವಿದೆ. ಕೂದಲು ಹುಟ್ಟುವುದೇ ಇಲ್ಲವೆಂದಲ್ಲ; ಹುಟ್ಟಿದ್ದು ಬೇರೂರಿ ನಿಲ್ಲುವುದಿಲ್ಲ. ಆದ್ದರಿಂದಲೇ ಮೈ ಮುಟ್ಟಿದರೆ ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುವಂಥ ನವಿರಾದ ಸುಂಕು ಕೈಗೆ ಹತ್ತುತ್ತದೆ. ತಂದೆತಾಯಿಗಳಿಬ್ಬರಿಂದಲೂ ಆ ದೋಷ ಬಂದರೆ ಮಾತ್ರ ಮರಿ ಬೋಳಾಗುತ್ತದೆ. ರಷ್ಯದಲ್ಲಿ 1987ರ ಬಳಿಕ ಬೆಳೆದ ಡಾನ್‌ಸ್ಕಾಯ್ ಎಂಬ ಬೋಳು ಬೆಕ್ಕಿನ ಜಾತಿಯೇ ಬೇರೆ. ಅದರಲ್ಲಿ ಒಬ್ಬರಿಂದ ಬಂದರೂ ಸಾಕು. ಅಂಗಡಿಯವನು ಎರಡನ್ನೂ ಒಂದೇ ಹೆಸರಿನಿಂದ ಮಾರಬಹುದು. ಕೊಳ್ಳುವವರಿಗೆ ಭೇದ ತಿಳಿದಿರಬೇಕು.

ತುಪ್ಪುಳದ ಕೆಲಸ ಒಡೆಯನ ಪಾಲಿಗೆ

ತುಪ್ಪುಳವೆಂಬುದು ಬರಿಯ ಅಲಂಕಾರವಲ್ಲ. ಅದು ಬೆಕ್ಕಿನ ಕಂಬಳಿ, ಕೊಡೆ, ಎಣ್ಣೆ ಹೀರುವ ಬಟ್ಟೆ ಎಲ್ಲವೂ ಹೌದು. ಅದಿಲ್ಲದ ಬೆಕ್ಕನ್ನು ಸಾಕುವವನು ಅಷ್ಟೂ ಕೆಲಸಗಳನ್ನು ತಾನೇ ವಹಿಸಿಕೊಂಡಂತೆ. ಉದುರಿದ ಕೂದಲು ಗುಡಿಸುವ ಕಾಟವಿಲ್ಲವೆಂದು ಹಿಗ್ಗಿ ಕೊಂಡವರಿಗೆ ಈ ಲೆಕ್ಕ ತಿಳಿಯುವುದು ಮೊದಲ ವಾರದ ಕೊನೆಯಲ್ಲಿ, ಬಿಳಿಯ ಹಾಸಿಗೆಯ ಮೇಲೆ ಕಂದುಬಣ್ಣದ ಜಿಡ್ಡಿನ ಕಲೆಗಳು ಕಾಣಿಸಿಕೊಂಡಾಗ.

ಎಲ್ಲ ಬೆಕ್ಕುಗಳ ಚರ್ಮದಲ್ಲಿಯೂ ಎಣ್ಣೆಯ ಗ್ರಂಥಿಗಳಿವೆ. ಸಾಮಾನ್ಯ ಬೆಕ್ಕಿನಲ್ಲಿ ಆ ಜಿಡ್ಡು ರೋಮದುದ್ದಕ್ಕೂ ಹರಡಿ ಅದಕ್ಕೆ ಹೊಳಪು ಕೊಡುತ್ತದೆ. ಸ್ಫಿಂಕ್ಸಿನಲ್ಲಿ ಹರಡಲು ರೋಮವೇ ಇಲ್ಲ. ಜಿಡ್ಡು ಚರ್ಮದ ಮೇಲೆಯೇ ಉಳಿದು ಧೂಳನ್ನು ಸೆಳೆಯುತ್ತದೆ. ಕುತ್ತಿಗೆಯ ನಿರಿಗೆಗಳಲ್ಲಿ, ಉಗುರಿನ ಸಂದುಗಳಲ್ಲಿ ಕಪ್ಪಗೆ ಕೂಡುತ್ತದೆ. ಹಾಗೆಯೇ ಬಿಟ್ಟರೆ ಬೂಷ್ಟು ಬೆಳೆದು ಚರ್ಮ ಕೆಂಪೇರಿ ತುರಿಕೆ ಹತ್ತುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ವಾರಕ್ಕೊಮ್ಮೆ, ಅಭ್ಯಂಜನವಲ್ಲದಿದ್ದರೂ ಸ್ನಾನವಂತೂ ಆಗಲೇಬೇಕು. ನೀರು ಉಗುರುಬೆಚ್ಚಗಿರಬೇಕು. ಮನೆಮಂದಿಯ ಸಾಬೂನು ಕೂಡದು. ಬೆಕ್ಕಿಗೆಂದೇ ತಯಾರಾದ ಸೌಮ್ಯವಾದ ಶಾಂಪೂ ಬೇಕು. ಮಿಂದೊಡನೆ ಬೆಚ್ಚಗಿನ ಟವೆಲಿನಲ್ಲಿ ಸುತ್ತಿ ಒರಸದಿದ್ದರೆ ನಡುಕ ಹತ್ತುತ್ತದೆ. ಹಾಗೆಂದು ದಿನವೂ ಮೀಯಿಸಹೋದರೆ ಚರ್ಮ ಒಣಗಿ ಹೊಪ್ಪಳಿಕೆಯೇಳುತ್ತದೆ. ಮರಿಯಾಗಿದ್ದಾಗಲೇ ನೀರಿನ ರೂಢಿ ಮಾಡಿಸಬೇಕು. ಬೆಳೆದ ಬೆಕ್ಕನ್ನು ತೊಟ್ಟಿಗಿಳಿಸಹೋದವನ ಮುಂಗೈಯ ಗೀರುಗಳೇ ಇದಕ್ಕೆ ಸಾಕ್ಷಿ.

ಕಿವಿಯದೂ ಇದೇ ಕತೆ. ಒಳಗೆ ಕೂದಲಿನ ತಡೆಯಿಲ್ಲದ್ದರಿಂದ ಗುಗ್ಗೆ ಬೇಗ ಕೂಡುತ್ತದೆ. ಪಶುವೈದ್ಯರು ಕೊಟ್ಟ ದ್ರವದಲ್ಲಿ ಹತ್ತಿಯನ್ನು ಅದ್ದಿ ಹೊರಗಿವಿಯನ್ನು ಒರಸಬೇಕೇ ಹೊರತು ಕಡ್ಡಿಯನ್ನು ಒಳಕ್ಕೆ ತೂರಿಸಬಾರದು.

ಮೈ ಮುಟ್ಟಿದರೆ ಜ್ವರ ಬಂದಂತೆ ಬಿಸಿ! ಹೊಸದಾಗಿ ಸಾಕಿದವರು ಗಾಬರಿಗೊಳ್ಳುವುದು ಸಹಜ. ವಾಸ್ತವವಾಗಿ ಅದರ ದೇಹದ ಉಷ್ಣತೆ ಉಳಿದ ಬೆಕ್ಕುಗಳಷ್ಟೇ, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ನಡುವೆ ತುಪ್ಪುಳದ ಪದರವಿಲ್ಲವಾಗಿ ಬಿಸಿ ನೇರವಾಗಿ ಕೈಗೆ ತಾಗುತ್ತದೆ, ಅಷ್ಟೆ. ಆದರೆ ಹಾಗೆ ಕೈಗೆ ತಾಗುವ ಬಿಸಿಯೇ ದಿನವಿಡೀ ಗಾಳಿಗೂ ಸೋರಿಹೋಗುತ್ತಿರುತ್ತದೆ. ಆ ನಷ್ಟವನ್ನು ತುಂಬಲು ಈ ಬೆಕ್ಕು ಹೆಚ್ಚು ತಿನ್ನಬೇಕು. ಮನೆ ಬೆಚ್ಚಗಿರಬೇಕು, ಬೆಂಗಳೂರಿನ ಪುಷ್ಯಮಾಸದ ಚಳಿ ಕೂಡ ಇದಕ್ಕೆ ಹೆಚ್ಚೇ. ಹತ್ತಿಬಟ್ಟೆಯ ಅಂಗಿ ತೊಡಿಸುವುದು ವೈಯಾರಕ್ಕಲ್ಲ. ಬಿಸಿಲಿನ ಸಂಕಟ ಇನ್ನೊಂದು ಬಗೆಯದು. ತಿಳಿಬಣ್ಣದ ಚರ್ಮ ಕೆಲವು ನಿಮಿಷಗಳಲ್ಲಿಯೇ ಕೆಂಪೇರಬಹುದು. ವರ್ಷಗಟ್ಟಲೆ ಬಿಸಿಲು ಕಾಯಿಸಿದರೆ ಚರ್ಮದ ಕ್ಯಾನ್ಸರಿನ ಭಯವೂ ಉಂಟು. ಮನುಷ್ಯರು ಬಿಸಿಲಿಗೆ ಹಚ್ಚಿಕೊಳ್ಳುವ ಲೇಪಗಳನ್ನು ಬೆಕ್ಕಿಗೆ ಬಳಿದರೆ ಅದು ನೆಕ್ಕಿ ವಿಷವೇರೀತು. ಕಿಟಕಿಗೆ ಪರದೆ ಕಟ್ಟಿ ಮನೆಯೊಳಗೇ ಇಟ್ಟುಕೊಳ್ಳುವುದೇ ಸರಿಯಾದ ಉಪಾಯ.

ಆಹಾರದ ವಿಷಯದಲ್ಲಿ ಕನ್ನಡನಾಡಿನ ಮನೆಗಳಿಗೆ ಒಂದು ಮಾತು ಹೇಳಲೇಬೇಕು. ಬೆಕ್ಕಿಗೆ ಹಾಲು ಅನ್ನ ಕಲಸಿಟ್ಟರೆ ಆಯಿತೆಂಬುದು ಇಲ್ಲಿನ ಹಳೆಯ ನಂಬಿಕೆ. ನಾಡಬೆಕ್ಕಿಗೆ ಅದು ನಡೆದುಹೋಗುತ್ತಿದ್ದುದೇಕೆಂದರೆ, ಅದು ರಾತ್ರಿ ಹೊರಟು ಇಲಿ ಹಲ್ಲಿಗಳನ್ನು ಹಿಡಿದು ಕೊರತೆಯನ್ನು ತಾನೇ ತುಂಬಿಕೊಳ್ಳುತ್ತಿತ್ತು. ಮನೆಯೊಳಗೇ ಕೂಡಿಟ್ಟ ಸ್ಫಿಂಕ್ಸಿಗೆ ಆ ದಾರಿಯಿಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದು ಮಾಂಸದಿಂದಲೇ ಪಡೆಯಬೇಕು. ಅದು ಸಾಲದಿದ್ದರೆ ಕಣ್ಣು ಕೆಡುತ್ತದೆ, ಹೃದಯ ಸೋಲುತ್ತದೆ. ಮನೆಯಲ್ಲಿ ಮಾಂಸ ಬೇಯಿಸದವರು ಸಮತೋಲನದ ಸಿದ್ಧ ಆಹಾರವನ್ನಾದರೂ ತರಲು ಒಪ್ಪಬೇಕು. ಅದಕ್ಕೂ ಮನಸ್ಸಿಲ್ಲದಿದ್ದರೆ ಗಿಳಿಯನ್ನೋ ಮೊಲವನ್ನೋ ಯೋಚಿಸುವುದು ಲೇಸು.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಬೆಕ್ಕಿನ ಕೂದಲಿನಿಂದ ಉಬ್ಬಸ, ಸೀನು ಬರುವವರಿಗೆ ಈ ತಳಿ ನಿರಪಾಯವೆಂದು ಮಾರುವವರು ಹೇಳುವುದುಂಟು. ಅಲರ್ಜಿಯ ಮೂಲ ಕೂದಲಲ್ಲ. ಬೆಕ್ಕಿನ ಎಂಜಲಿನಲ್ಲಿಯೂ ಚರ್ಮದ ಜಿಡ್ಡಿನಲ್ಲಿಯೂ ಇರುವ ಒಂದು ಪ್ರೋಟೀನು. ಎಂಜಲೂ ಜಿಡ್ಡೂ ಸ್ಫಿಂಕ್ಸಿಗೆ ಧಾರಾಳವಾಗಿವೆ! ಕೊಳ್ಳುವ ಮುನ್ನ ಅಂಥ ಬೆಕ್ಕಿರುವ ಮನೆಯಲ್ಲಿ ಕೆಲವು ಗಂಟೆ ಕುಳಿತು ಬರುವುದೇ ಪರೀಕ್ಷೆ.

ಕೊಳ್ಳುವ ಮುನ್ನ

2017ರಲ್ಲಿ ಕೆನಡದ ಆಲ್ಬರ್ಟಾ ಪ್ರಾಂತದಲ್ಲಿ ಕೆಲವರು ಜಾಹೀರಾತು ನೋಡಿ ಸ್ಫಿಂಕ್ಸ್ ಮರಿಗಳನ್ನು ಕೊಂಡರು. ಬೆಲೆ ಸುಮಾರು 700 ಡಾಲರು. ಅಗ್ಗವಾಯಿತೆಂದು ಹಿಗ್ಗುತ್ತಿರುವಷ್ಟರಲ್ಲಿಯೇ ಮರಿಗಳ ಮೈಮೇಲೆ ಕೂದಲು ಮೊಳೆಯತೊಡಗಿತು. ಸಾಮಾನ್ಯ ಮರಿಗಳ ತುಪ್ಪುಳವನ್ನು ಬೋಳಿಸಿ ಮಾರಲಾಗಿತ್ತು! ಕೊಂಡವರಿಗಾದದ್ದು ಹಣದ ನಷ್ಟ. ಬೋಳಿಸಿದವರ ಕೈಗೆ ಸಿಕ್ಕಿದ ಎಳೆಯ ಮರಿಗಳು ಪಟ್ಟ ಹಿಂಸೆಯನ್ನು ಯಾವ ಲೆಕ್ಕಕ್ಕೆ ಹಾಕಬೇಕು?

ಆದ್ದರಿಂದ ಮರಿಯನ್ನು ಅದರ ತಾಯಿಯ ಜೊತೆಯಲ್ಲಿಯೇ, ಹುಟ್ಟಿದ ಮನೆಯಲ್ಲಿಯೇ ಹೋಗಿ ನೋಡಬೇಕು. ಹನ್ನೆರಡು ವಾರ ತುಂಬುವ ಮೊದಲೇ ಒಪ್ಪಿಸಲು ಆತುರಪಡುವವನನ್ನು ನಂಬಬಾರದು. ಅಷ್ಟರಲ್ಲಿ ಆಗಬೇಕಾದ ಚುಚ್ಚುಮದ್ದುಗಳ ದಾಖಲೆ, ವಂಶಾವಳಿಯ ಪತ್ರ, ಗುರುತಿನ ಚಿಪ್ಪು ಇವೆಲ್ಲವೂ ಇರಬೇಕು. ಆದರೆ ಇವುಗಳಿಗಿಂತ ಮುಖ್ಯವಾದ ಪತ್ರ ಇನ್ನೊಂದು. ಅದು ಮರಿಯದಲ್ಲ, ಅದರ ತಂದೆತಾಯಿಗಳದು: ಹೃದಯದ ಸ್ಕ್ಯಾನಿನ ವರದಿ.

ಈ ತಳಿಯ ದೊಡ್ಡ ಶಾಪ ಹೃದಯದಲ್ಲಿದೆ. ಹೃದಯದ ಸ್ನಾಯುಭಿತ್ತಿ ದಪ್ಪವಾಗುತ್ತ ಹೋಗಿ, ರಕ್ತ ತುಂಬಿಕೊಳ್ಳುವ ಎಡೆ ಕಿರಿದಾಗುತ್ತ ಬರುವ ವ್ಯಾಧಿಗೆ ಸ್ಫಿಂಕ್ಸ್ ಸುಲಭವಾಗಿ ತುತ್ತಾಗುತ್ತದೆ. ಹೊರಗೆ ಯಾವ ಸೂಚನೆಯೂ ಕಾಣದೆ ಇರಬಹುದು. ನಿನ್ನೆ ಕಪಾಟಿನ ತುದಿಗೆ ನೆಗೆಯುತ್ತಿದ್ದ ಬೆಕ್ಕು ಇಂದು ಏದುಸಿರು ಬಿಡುತ್ತ ಮೂಲೆ ಹಿಡಿಯುತ್ತದೆ. ಇಲ್ಲವೆ, ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಹಿಂಗಾಲಿನ ನಾಳಗಳನ್ನು ಮುಚ್ಚಿ, ಚೀರುತ್ತ ಕಾಲೆಳೆಯತೊಡಗುತ್ತದೆ. ಇದಕ್ಕೆ ನಂಟಿರಬಹುದಾದ ಜೀನೊಂದನ್ನು 2021ರಲ್ಲಿ ಗುರುತಿಸಲಾಯಿತಾದರೂ, ಆ ಪರೀಕ್ಷೆ ಸ್ಕ್ಯಾನಿನ ಸ್ಥಾನವನ್ನು ತುಂಬಲಾರದು. ಒಮ್ಮೆ ಮಾಡಿಸಿದ ಸ್ಕ್ಯಾನೂ ಸಾಲದು. ವ್ಯಾಧಿ ವಯಸ್ಸಾದಂತೆ ತಲೆದೋರಬಹುದಾದ್ದರಿಂದ ಮರಿಗೆ ಬಳಸುವ ಬೆಕ್ಕುಗಳನ್ನು ವರ್ಷವರ್ಷವೂ ತಪಾಸಣೆ ಮಾಡಿಸಬೇಕು. ಈ ವರದಿಯನ್ನು ಕೇಳಿದೊಡನೆ ಮಾತು ಮರೆಸುವವನ ಮನೆಯಿಂದ ಬರಿಗೈಯಲ್ಲಿ ಹಿಂದಿರುಗುವುದೇ ಲಾಭ. ಬ್ರಿಟನ್ನಿನಲ್ಲಿ ಪಶುವೈದ್ಯರ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಕ್ಕುಗಳ ಸರಾಸರಿ ಆಯುರ್ನಿರೀಕ್ಷೆ ಸುಮಾರು 11.7 ವರ್ಷವೆಂದು ಕಂಡುಬಂದರೆ ಸ್ಫಿಂಕ್ಸಿನದು ಏಳು ವರ್ಷಕ್ಕೂ ಕಡಿಮೆ. ಲೆಕ್ಕಕ್ಕೆ ಸಿಕ್ಕಿದ ಸ್ಫಿಂಕ್ಸ್‌ಗಳ ಸಂಖ್ಯೆ ಸಣ್ಣದೆಂಬುದು ನಿಜ. ಆದರೂ ಮಕ್ಕಳಿಗೆಂದು ಇದನ್ನು ಕೊಳ್ಳುವ ತಾಯಿತಂದೆಯರು ಆ ಅಂಕೆಯನ್ನು ಅಲಕ್ಷಿಸುವಂತಿಲ್ಲ.

ಇಂಥ ಪ್ರಾಣಿಯನ್ನು ಬುದ್ಧಿಪೂರ್ವಕವಾಗಿ ಹುಟ್ಟಿಸುವುದೇ ನ್ಯಾಯವೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಲನ್ನೂ ಹತ್ತಿದೆ. ಬೆಕ್ಕಿನ ಮೀಸೆ ಕತ್ತಲಲ್ಲಿ ದಾರಿ ಅಳೆಯುವ ಇಂದ್ರಿಯ. ಸ್ಫಿಂಕ್ಸಿಗೆ ಅದು ಇಲ್ಲ, ಇದ್ದರೂ ಮುರುಟಿ ಮುರಿದ ಮೋಟು. ಇದನ್ನೇ ಆಧಾರವಾಗಿಟ್ಟುಕೊಂಡು 2015ರಲ್ಲಿ ಬರ್ಲಿನ್ನಿನ ಆಡಳಿತ ನ್ಯಾಯಾಲಯ, ಮೀಸೆಯಿಲ್ಲದ ಇಂಥ ಗಂಡುಬೆಕ್ಕೊಂದರ ಸಂತಾನಶಕ್ತಿಯನ್ನು ತೆಗೆಸಬೇಕೆಂಬ ಅಧಿಕಾರಿಗಳ ಆಜ್ಞೆಯನ್ನು ಎತ್ತಿಹಿಡಿಯಿತು. ತಳಿಗಾರರು ಇದನ್ನು ಒಪ್ಪುವುದಿಲ್ಲ. ಮನೆಯೊಳಗೆ ಬೆಚ್ಚಗೆ ಬದುಕುವ ಬೆಕ್ಕಿಗೆ ಮೀಸೆಯ ಕೊರತೆ ಬಾಧಿಸದೆಂಬುದು ಅವರ ವಾದ. ಅದರ ಚುರುಕನ್ನೂ ಆಟವನ್ನೂ ಕಂಡವರಿಗೆ ಆ ವಾದದಲ್ಲಿ ಹುರುಳಿದೆಯೆಂದು ತೋರೀತು. ಆದರೆ ಬೆಚ್ಚಗಿನ ಮನೆ, ವಾರದ ಸ್ನಾನ, ವರ್ಷದ ಸ್ಕ್ಯಾನು ಇವುಗಳಲ್ಲಿ ಒಂದು ತಪ್ಪಿದರೂ ನೋಯುವುದು ಬೆಕ್ಕೇ ಹೊರತು ವಾದಿಸಿದವರಲ್ಲ.

ಪಂಕಿ, ಪಲೋಮ ಎಂಬ ಬೀದಿಮರಿಗಳಿಗೆ ಆಶ್ರಯ ಕೊಟ್ಟು ತಳಿಯನ್ನು ಉಳಿಸಿದ ಹಾಲೆಂಡ್ ಈಗ ಬೇರೆ ನಿರ್ಧಾರಕ್ಕೆ ಬಂದಿದೆ. 2026ರ ಜನವರಿ 1ರಿಂದ ಅಲ್ಲಿ ಹೊಸದಾಗಿ ಬೋಳು ಬೆಕ್ಕನ್ನು ಸಾಕುವುದು ನಿಷಿದ್ಧ. ಆ ದಿನಕ್ಕೆ ಮೊದಲೇ ಹುಟ್ಟಿ, ಗುರುತಿನ ಚಿಪ್ಪನ್ನು ಪಡೆದ ಬೆಕ್ಕುಗಳನ್ನು ಮಾತ್ರ ಅವುಗಳ ಆಯುಸ್ಸು ಮುಗಿಯುವವರೆಗೆ ಒಡೆಯರು ಇಟ್ಟುಕೊಳ್ಳಬಹುದು.