ಡಿಸ್ಕಿನೊಳಗಿನ ಕುರುಕ್ಷೇತ್ರ

ಟಿವಿ ಅಂಗಡಿಯ ಗೋಡೆಯನ್ನು ಒಮ್ಮೆ ಗಮನಿಸಿ. ಅಲ್ಲಿ ಓಡುತ್ತಿರುವುದು ನಿಧಾನಕ್ಕೆ ಅರಳುವ ಹೂವು, ಗಿಳಿಯ ರೆಕ್ಕೆ, ಚಮಚದಿಂದ ಇಳಿಯುವ ಜೇನು. ಇಂಥವನ್ನು ತೋರಿಸುವಾಗ ಯಾವ ಟಿವಿಯೂ ಕೆಟ್ಟದಾಗಿ ಕಾಣುವುದಿಲ್ಲ. ಧೂಳೆದ್ದ ರಣರಂಗ, ಒಮ್ಮೆಗೇ ಹಾರುವ ಬಾಣಗಳು, ಮಳೆ, ಹೊಗೆ, ಕಿಡಿ, ನಿಲ್ಲದೆ ಓಡುವ ಕ್ಯಾಮೆರಾ ಬಂದಾಗಲೇ ಮನೆಯ ಪರದೆಯ ನಿಜಬಣ್ಣ ಬಯಲಾಗುತ್ತದೆ. ಅದ್ಭುತರಮ್ಯ ಸಾಹಸಚಿತ್ರ ಎಂದರೆ ಹೆಚ್ಚುಕಡಿಮೆ ಇವೇ, ಮೂರು ತಾಸು. ಹಾಗಾಗಿ ಡಿಸ್ಕಿನ ವಿದ್ಯೆ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಹುಬ್ಬಳ್ಳಿ-ಧಾರವಾಡದ ಸೀಮೆಗೆ ಇಂಥ ಆಟವನ್ನು ಕಲಿಸಿದ್ದು ಸಿನಿಮಾ ಅಲ್ಲ. ದೊಡ್ಡಾಟದ ಕಿರೀಟ, ಭುಜಕೀರ್ತಿ, ಅಟ್ಟ ನಡುಗಿಸುವ ಕುಣಿತ ಇಲ್ಲಿನ ಹಳ್ಳಿಗಳಲ್ಲಿ ಮೊದಲೇ ಇದ್ದವು. ವೃತ್ತಿನಾಟಕ ಕಂಪನಿಗಳು ಅದಕ್ಕೆ ಪರದೆ, ಬೆಳಕು, ಟ್ರಿಕ್ ಸೀನುಗಳನ್ನು ಸೇರಿಸಿದವು. ಗುಬ್ಬಿ ಕಂಪನಿಯಂತೂ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿತ್ತು. ಆಮೇಲೆ ಬೆಳ್ಳಿತೆರೆಗೆ 1977ರಲ್ಲಿ 'ಬಬ್ರುವಾಹನ' ಬಂತು, 1983ರಲ್ಲಿ 'ಭಕ್ತ ಪ್ರಹ್ಲಾದ'. ಹುಣಸೂರು ಕೃಷ್ಣಮೂರ್ತಿಯವರ 'ಬಬ್ರುವಾಹನ'ದಲ್ಲಿ ಅರ್ಜುನನೂ ರಾಜಕುಮಾರ್, ಅವನಿಗೆ ಎದುರು ನಿಲ್ಲುವ ಮಗನೂ ರಾಜಕುಮಾರ್.

ಇವೆಲ್ಲ ಮನೆಯೊಳಗೆ ಕಾಲಿಟ್ಟದ್ದು ಮೊದಲು ಕ್ಯಾಸೆಟ್ಟಿನಲ್ಲಿ. ಟಿವಿ, ಕ್ಯಾಸೆಟ್ ಹಾಕುವ ವಿಸಿಪಿ ಎರಡನ್ನೂ ಒಂದು ರಾತ್ರಿಗೆ ಬಾಡಿಗೆ ತರುವುದು, ಓಣಿಯವರೆಲ್ಲ ಪಟ್ಟಿ ಹಾಕಿ ಬೆಳಗಿನ ತನಕ ಮೂರು-ನಾಲ್ಕು ಸಿನಿಮಾ ನೋಡುವುದು ಉತ್ತರ ಕರ್ನಾಟಕದ ಒಂದು ತಲೆಮಾರಿಗೆ ಹಬ್ಬದಷ್ಟೇ ಪರಿಚಿತ. ಕ್ಯಾಸೆಟ್ಟನ್ನು ಹೊರಗಟ್ಟಿದ್ದು ವಿಸಿಡಿ. 1993ರಲ್ಲಿ ರೂಪುಗೊಂಡ ಈ ಪದ್ಧತಿ ಹಾಡಿನ ಸಿಡಿಯದೇ ತಟ್ಟೆಗೆ ಸಿನಿಮಾ ತುಂಬಿತು. ಒಂದು ತಟ್ಟೆಗೆ ಹಿಡಿಯುವುದು 74 ನಿಮಿಷ. ಆದ್ದರಿಂದ ಪೌರಾಣಿಕ ಚಿತ್ರಕ್ಕೆ ಎರಡು ತಟ್ಟೆ, ಉದ್ದವಾದರೆ ಮೂರು. 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಅಲ್ಲಿಯವರೆಗೆ ಬಾಡಿಗೆಗೆ ತರುತ್ತಿದ್ದವರು ಕೊಂಡು ಕಪಾಟಿನಲ್ಲಿಡುವಂತಾಯಿತು. "ಸಿಡಿ ಸ್ಟ್ರಕ್ ಆಗಾಕತ್ತೇತಿ, ತಗದು ಒರಸಿ ಹಾಕೋ ತಮ್ಮಾ" ಎಂಬ ಮಾತು ಕೇಳದ ಮನೆ ಆಗ ಇರಲಿಲ್ಲ. ವಿಸಿಡಿ ಇರಲಿ, ಡಿವಿಡಿ ಇರಲಿ, ಜನರ ಬಾಯಲ್ಲಿ ಎಲ್ಲವೂ ಸಿಡಿಯೇ.

ಆದರೆ ಆ ತಟ್ಟೆಗಳಲ್ಲಿ ನಾವು ನೋಡಿದ್ದು ಎಷ್ಟು? ವಿಸಿಡಿಯ ಒಂದು ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ, ಒಟ್ಟು ಸುಮಾರು ಒಂದು ಲಕ್ಷ. ಡಿವಿಡಿಯಲ್ಲಿ ಅದು ನಾಲ್ಕು ಪಟ್ಟು, ನಾಲ್ಕು ಲಕ್ಷದ ಮೇಲೆ. ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷ. 4ಕೆ ಬ್ಲೂ-ರೇಯಲ್ಲಿ ಎಂಬತ್ತು ಲಕ್ಷ ದಾಟುತ್ತದೆ. ವಿಸಿಡಿಯಲ್ಲಿ ದೂರದ ಸೈನಿಕನಿಗೆ ಮುಖ ಇರುವುದಿಲ್ಲ. ಹೊಸ 4ಕೆ ಟಿವಿಗೆ ಹಳೆಯ ಡಿವಿಡಿ ಹಾಕಿ "ಕ್ಲಿಯರ್ ಇಲ್ಲ" ಎಂದು ಬೇಸರಪಡುವವರು ನೆನಪಿಡಬೇಕಾದ್ದು ಇದನ್ನೇ: ಡಿಸ್ಕ್ ಕೊಟ್ಟ ಒಂದು ಚುಕ್ಕೆಯನ್ನು ಟಿವಿ ಇಪ್ಪತ್ತಾಗಿ ಹಿಗ್ಗಿಸುತ್ತಿದೆ. ತಪ್ಪು ಟಿವಿಯದಲ್ಲ.

ಒಂದೇ ಅಳತೆಯ ತಟ್ಟೆ, ಬೇರೆ ಬೇರೆ ದಾರಿ

ಸಿಡಿ, ಡಿವಿಡಿ, ಬ್ಲೂ-ರೇ ಮೂರೂ 12 ಸೆಂಟಿಮೀಟರ್ ಅಗಲದವು, 1.2 ಮಿಲಿಮೀಟರ್ ದಪ್ಪದವು. ಮೂರರಲ್ಲೂ ಸಿನಿಮಾ ಕುಳಿತಿರುವುದು ಕಣ್ಣಿಗೆ ಕಾಣದ ಗುಳಿಗಳ ರೂಪದಲ್ಲಿ. ಗುಳಿಗಳ ಸಾಲು ನಡುವಿನಿಂದ ಹೊರಟು ಸುರುಳಿಯಾಗಿ ಅಂಚಿಗೆ ಬರುತ್ತದೆ. ಅದರ ಮೇಲೆ ಲೇಸರ್ ಕಿರಣ ಬಿದ್ದು ಹಿಂತಿರುಗುವಾಗ ಆಗುವ ಏರಿಳಿತವನ್ನು ಪ್ಲೇಯರ್ ಓದುತ್ತದೆ. ಕಿರಣದ ತರಂಗಾಂತರ ಕಿರಿದಾದಷ್ಟೂ ಸಣ್ಣ ಗುಳಿ ಓದಬಹುದು. ಸಿಡಿಯದು 780 ನ್ಯಾನೊಮೀಟರಿನ ಕಿರಣ, ಡಿವಿಡಿಯದು 650ರ ಕೆಂಪು, ಬ್ಲೂ-ರೇಯದು 405ರ ನೀಲಿ-ನೇರಳೆ. ಸುರುಳಿಯ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ ಸಿಡಿಯಲ್ಲಿ 1.6 ಮೈಕ್ರೊಮೀಟರ್, ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ 0.32.

ಈ ಸುರುಳಿಯನ್ನು ಬಿಚ್ಚಿ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಿಂದ ಧಾರವಾಡದ ಕಡೆಗೆ ಹಾಸುತ್ತ ಹೋಗಿ. ಸಿಡಿಯದು ಐದು ಕಿಲೋಮೀಟರಿಗೆ ತುಸು ಹೆಚ್ಚು, ಉಣಕಲ್ ಕೆರೆ ದಾಟುವಷ್ಟರಲ್ಲಿ ಮುಗಿಯುತ್ತದೆ. ಡಿವಿಡಿಯ ಒಂದು ಪದರದ್ದು ಹನ್ನೆರಡು ಕಿಲೋಮೀಟರ್, ಅರ್ಧ ದಾರಿ ಮೀರುತ್ತದೆ. ಬ್ಲೂ-ರೇಯ ಒಂದು ಪದರ ಮಾತ್ರ 27 ಕಿಲೋಮೀಟರ್. ಊರು ಮುಟ್ಟಿ, ದಾಟಿ, ಇನ್ನೂ ಉಳಿಯುತ್ತದೆ. ಡಿವಿಡಿಗೆ ಪದರಕ್ಕೆ 4.7 ಗಿಗಾಬೈಟ್, ಬ್ಲೂ-ರೇಗೆ 25 ಗಿಗಾಬೈಟ್ ಹಿಡಿಯುವುದು ಹೀಗೆ. ಗುಳಿಗಳೂ ಗಿಡ್ಡವಾಗಿರುವುದರಿಂದ ಲೆಕ್ಕ ಉದ್ದಕ್ಕಿಂತ ವೇಗವಾಗಿ ಏರುತ್ತದೆ.

ಎರಡು ಪದರದ ಡಿವಿಡಿಯಲ್ಲಿ ಚಿತ್ರದ ನಡುವೆ ಒಂದು ಕ್ಷಣ ದೃಶ್ಯ ಹೆಪ್ಪುಗಟ್ಟಿ ಮುಂದುವರಿಯುತ್ತದೆ. ಡಿಸ್ಕ್ ಕೆಟ್ಟಿತೆಂದು ಗಾಬರಿ ಬೇಡ, ಲೇಸರ್ ಮೇಲಿನ ಪದರ ಬಿಟ್ಟು ಒಳಗಿನ ಪದರಕ್ಕೆ ದೃಷ್ಟಿ ಹೊಂದಿಸಿಕೊಳ್ಳುತ್ತಿದೆ, ಅಷ್ಟೆ.

ಯುದ್ಧ ಬಂದಾಗ ಏನಾಗುತ್ತದೆ

ಇಷ್ಟು ಜಾಗವಿದ್ದರೂ ಸಿನಿಮಾವನ್ನು ಇದ್ದಂತೆಯೇ ತುಂಬಲಾಗದು. ಬ್ಲೂ-ರೇ ಗುಣಮಟ್ಟದ ಚಿತ್ರವನ್ನು ಕುಗ್ಗಿಸದೆ ಬರೆದರೆ ಸೆಕೆಂಡಿಗೆ ಸುಮಾರು 600 ಮೆಗಾಬಿಟ್ ಬೇಕು; ಡಿಸ್ಕ್ ಚಿತ್ರಕ್ಕೆ ಕೊಡುವುದು ಹೆಚ್ಚೆಂದರೆ 40. ಆದ್ದರಿಂದ ಕುಗ್ಗಿಸುವ ಉಪಾಯ. ಒಂದು ಚೌಕಟ್ಟನ್ನು (ಫ್ರೇಮ್) ಪೂರ್ತಿಯಾಗಿ ಬರೆದಿಟ್ಟು, ಮುಂದಿನ ಚೌಕಟ್ಟುಗಳಲ್ಲಿ ಏನು ಬದಲಾಯಿತೋ ಅಷ್ಟನ್ನು ಮಾತ್ರ ಬರೆಯುವುದು. ಮಾತಿನ ದೃಶ್ಯದಲ್ಲಿ ಗೋಡೆ, ಕುರ್ಚಿ, ಕಿಟಕಿ ಹಾಗೇ ಇರುತ್ತವೆ. ಬದಲಾಗುವುದು ತುಟಿ, ಕಣ್ಣು. ಲೆಕ್ಕ ಸಲೀಸು. ಒಂದು ವಸ್ತು ಎಡದಿಂದ ಬಲಕ್ಕೆ ಸರಿದರೂ ಕಷ್ಟವಿಲ್ಲ, "ಆ ತುಂಡು ಇಷ್ಟು ಸರಿಯಿತು" ಎಂದು ಬರೆದರೆ ಸಾಕು.

ರಣರಂಗದಲ್ಲಿ ಈ ಉಪಾಯ ಕೈಕೊಡುತ್ತದೆ. ಧೂಳಿನ ಕಣ ಹಿಂದಿನ ಚೌಕಟ್ಟಿನಲ್ಲಿದ್ದಂತೆ ಮುಂದಿನದರಲ್ಲಿ ಇರುವುದಿಲ್ಲ. ಮಳೆಹನಿ, ಕಿಡಿ, ಹಾರುವ ಬೂದಿ, ಯಾವುದಕ್ಕೂ ಹಿಂದಿನ ಗುರುತಿಲ್ಲ. ಎಲ್ಲವೂ ಪ್ರತಿ ಚೌಕಟ್ಟಿಗೂ ಹೊಸದು. ಬಿಟ್ ಸಾಲದಾದಾಗ ಕುಗ್ಗಿಸುವ ಯಂತ್ರ ಸೂಕ್ಷ್ಮಗಳನ್ನು ಬಿಸಾಡುತ್ತದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ವಿಸಿಡಿಗೆ ಸೆಕೆಂಡಿಗೆ ಸಿಗುವುದು 1.15 ಮೆಗಾಬಿಟ್, ಶಾಂತ ದೃಶ್ಯಕ್ಕೂ ಯುದ್ಧಕ್ಕೂ ಅಷ್ಟೇ. ಡಿವಿಡಿ, ಬ್ಲೂ-ರೇಗಳು ಜಾಣ. ಮಾತಿನಲ್ಲಿ ಉಳಿಸಿ ಯುದ್ಧದಲ್ಲಿ ಖರ್ಚು ಮಾಡುತ್ತವೆ. ಡಿವಿಡಿಯ ಮಿತಿ 9.8, ಬ್ಲೂ-ರೇಯದು 40, 4ಕೆ ಡಿಸ್ಕಿನದು ಒಟ್ಟು 128ರವರೆಗೆ.

ಈಗ ಒಟಿಟಿಯ ಜೊತೆ ಹೋಲಿಸಿ. ನೆಟ್‌ಫ್ಲಿಕ್ಸ್ ತನ್ನ 1080 ಗೆರೆಯ ಚಿತ್ರಕ್ಕೆ ಕೇಳುವ ಇಂಟರ್ನೆಟ್ ವೇಗ 5 ಮೆಗಾಬಿಟ್, 4ಕೆಗೆ 15. ಹೊಸ ಕುಗ್ಗಿಸುವ ವಿಧಾನಗಳು ಹಳೆಯವಕ್ಕಿಂತ ಚುರುಕು ಎಂಬುದು ನಿಜ, ಮಾತಿನ ಚಿತ್ರದಲ್ಲಿ ವ್ಯತ್ಯಾಸ ಹುಡುಕಿದರೂ ಸಿಗದು. ಆದರೆ 'ಕಾಂತಾರ'ದ ರಾತ್ರಿಯ ಕಾಡನ್ನು ತೆಗೆದುಕೊಳ್ಳಿ: ಕತ್ತಲು, ನಡುವೆ ಪಂಜಿನ ಬೆಳಕು, ಹೊಗೆ. ಕಪ್ಪಿನಿಂದ ಕಂದುವಿಗೆ ನಯವಾಗಿ ಇಳಿಯಬೇಕಾದ ನೆರಳು ಬಿಟ್ ಕಡಿಮೆಯಾದಾಗ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಡಿವಿಡಿ, ಬ್ಲೂ-ರೇಗಳಲ್ಲಿ ಒಂದು ಬಣ್ಣಕ್ಕೆ 256 ಹಂತ. 4ಕೆ ಡಿಸ್ಕಿನಲ್ಲಿ 1024. ಇಂಥ ದೃಶ್ಯಕ್ಕೆ 4ಕೆ ಡಿಸ್ಕಿನಷ್ಟು ನ್ಯಾಯ ಒದಗಿಸುವ ಸಾಧನ ಸದ್ಯಕ್ಕೆ ಮನೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಫುಟ್‌ಪಾತಿನ 'ಫೈವ್ ಇನ್ ಒನ್' ಡಿವಿಡಿಯ ಮೋಸವೂ ಇದೇ ಲೆಕ್ಕದಲ್ಲಿದೆ. 4.7 ಗಿಗಾಬೈಟಿಗೆ ಐದು ಸಿನಿಮಾ ತುರುಕಿದರೆ ಒಂದಕ್ಕೆ ಒಂದು ಗಿಗಾಬೈಟೂ ಉಳಿಯದು. ಥಿಯೇಟರಿನಲ್ಲಿ ಕದ್ದು ತೆಗೆದ ಕ್ಯಾಮೆರಾ ಪ್ರಿಂಟಂತೂ ಕೇಳುವುದೇ ಬೇಡ. ಕಾನೂನು ಬೇರೆ ಇದೆ: 2023ರ ತಿದ್ದುಪಡಿಯಂತೆ ಹೀಗೆ ಚಿತ್ರ ಕದಿಯುವುದಕ್ಕೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ.

ಕನ್ನಡ ಎಲ್ಲಿತ್ತು?

ಒಂದು ಡಿವಿಡಿಯಲ್ಲಿ ಎಂಟು ಭಾಷೆಯ ಧ್ವನಿ, 32 ಉಪಶೀರ್ಷಿಕೆಗಳಿಗೆ ಜಾಗವಿದೆ. ಹಾಲಿವುಡ್ಡಿನ ದೊಡ್ಡ ಚಿತ್ರಗಳ ಭಾರತೀಯ ಡಿಸ್ಕುಗಳಲ್ಲಿ ಹಿಂದಿ, ತಮಿಳು, ತೆಲುಗು ಸಿಕ್ಕರೂ ಕನ್ನಡ ಸಿಗುತ್ತಿರಲಿಲ್ಲ. ಜಾಗ ಇಲ್ಲದ್ದಕ್ಕಲ್ಲ, ಡಬ್ಬಿಂಗಿಗೆ ಚಿತ್ರರಂಗ ಹಾಕಿಕೊಂಡಿದ್ದ ತಡೆಯಿಂದ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. ಅದೇ ವರ್ಷ ಬಂದ 'ಬಾಹುಬಲಿ'ಯನ್ನು ಹುಬ್ಬಳ್ಳಿಯವರು ತೆಲುಗಿನಲ್ಲೋ ಹಿಂದಿಯಲ್ಲೋ ನೋಡಿದರು. 2022ರ ಡಿಸೆಂಬರಿನಲ್ಲಿ 'ಅವತಾರ್'ನ ಎರಡನೆಯ ಭಾಗ ಕನ್ನಡದಲ್ಲೂ ತೆರೆಕಂಡಿತು. ಅಷ್ಟರಲ್ಲಿ ಡಿಸ್ಕಿನ ಪೇಟೆಯೇ ಮುಚ್ಚಿತ್ತು. ಮೋಸರ್ ಬೇಯರ್ 2018ರಲ್ಲೇ ದಿವಾಳಿಯಾಗಿತ್ತು. ಅವಕಾಶ ಇದ್ದಾಗ ಭಾಷೆ ಇರಲಿಲ್ಲ, ಭಾಷೆ ಬಂದಾಗ ಅಂಗಡಿ ಇರಲಿಲ್ಲ.

ಕನ್ನಡದ್ದೇ ಚಿತ್ರಗಳ ಗತಿಯೂ ಅಷ್ಟೇನೂ ಉತ್ತಮವಲ್ಲ. 'ಲಾರ್ಡ್ ಆಫ್ ದಿ ರಿಂಗ್ಸ್'ನ ಮೊದಲ ಭಾಗ ಥಿಯೇಟರಿನಲ್ಲಿ 178 ನಿಮಿಷ. 2002ರಲ್ಲಿ ಬಂದ ನಾಲ್ಕು ಡಿಸ್ಕಿನ ಕಟ್ಟಿನಲ್ಲಿ 208 ನಿಮಿಷ, ಜೊತೆಗೆ ತಯಾರಿಕೆಯ ಕಥೆ ಗಂಟೆಗಟ್ಟಲೆ. ನಮ್ಮ ವಿಸಿಡಿಗಳಲ್ಲಿ ಹೆಚ್ಚುವರಿಯಾಗಿ ಸಿಕ್ಕಿದ್ದು ಪರದೆಯ ಮೂಲೆಯಲ್ಲಿ ಅಲುಗದೆ ಕೂತ ಕಂಪನಿಯ ಲೋಗೊ. 2012ರ 'ಕಠಾರಿವೀರ ಸುರಸುಂದರಾಂಗಿ', 2019ರ 'ಕುರುಕ್ಷೇತ್ರ' 3ಡಿಯಲ್ಲಿ ಬಂದವು. ಆದರೆ ಎರಡನೆಯದು ಬರುವ ಮೊದಲೇ 3ಡಿ ಟಿವಿಗಳನ್ನು ಮಾಡುವುದನ್ನೇ ದೊಡ್ಡ ಕಂಪನಿಗಳು 2017ರ ಸುಮಾರಿಗೆ ನಿಲ್ಲಿಸಿದ್ದವು. ತೀರಿಹೋದ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದ 2016ರ 'ನಾಗರಹಾವು' ಚಿತ್ರದ ಕೆಲಸ ಗೆದ್ದಿದೆಯೋ ಸೋತಿದೆಯೋ ಎಂದು ತೀರ್ಮಾನಿಸಲೂ ಒಳ್ಳೆಯ ಪ್ರತಿ ಬೇಕು. ಲಕ್ಷ ಚುಕ್ಕೆಯಲ್ಲಿ ಎಲ್ಲ ಮುಖವೂ ಒಂದೇ.

ಇನ್ನು ನೋಡುವ ಬಗೆ. ಟಿವಿಯ 'ವಿವಿಡ್' ಬಿಟ್ಟು 'ಸಿನಿಮಾ' ಆಯ್ಕೆ ಮಾಡಿ. ಚಲನೆ ನಯಗೊಳಿಸುವ ಸೌಲಭ್ಯವನ್ನು ಬಂದ್ ಮಾಡಿ. ಅದು ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾಕ್ಕೆ ಇಲ್ಲದ ಚೌಕಟ್ಟು ಸೇರಿಸಿ ಮಹಾಯುದ್ಧವನ್ನು ಧಾರಾವಾಹಿ ಮಾಡಿಬಿಡುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಝೂಮ್ ಮಾಡಬೇಡಿ. ಸಿನಿಮಾಸ್ಕೋಪ್ ಚಿತ್ರವನ್ನು ಹಾಗೆ ಹಿಗ್ಗಿಸಿದರೆ ಕಾಲು ಭಾಗ ಹೊರಗೆ ಹೋಗುತ್ತದೆ, ಎರಡೂ ಬದಿಯ ಸೈನ್ಯ ಸಹಿತ. ಮಾತು ಸಣ್ಣಗೆ, ಕತ್ತಿಯ ಸದ್ದು ಜೋರಾಗಿ ಕೇಳಿದರೆ ಆರು ಸ್ಪೀಕರಿನ ಧ್ವನಿಯನ್ನು ಎರಡೇ ಸ್ಪೀಕರ್ ನುಂಗುತ್ತಿವೆ ಎಂದರ್ಥ. ಪ್ಲೇಯರಿನ ಆಡಿಯೊವನ್ನು ಸ್ಟೀರಿಯೊಗೆ ಬದಲಿಸಿ, 'ನೈಟ್ ಮೋಡ್' ಇದ್ದರೆ ಹಾಕಿ. ನೆರೆಮನೆಯವರೂ ಹರಸುತ್ತಾರೆ.

ಅಮೆರಿಕದ ಅಳಿಯ ತಂದುಕೊಟ್ಟ ಡಿಸ್ಕ್ ಓಡದಿದ್ದರೆ ಅವನ ಮೇಲೆ ಸಿಟ್ಟಾಗಬೇಡಿ. ಡಿವಿಡಿಗೆ ಭಾರತ 5ನೆಯ ವಲಯ, ಅಮೆರಿಕ 1ನೆಯದು. ಬ್ಲೂ-ರೇಗೆ ನಾವು 'ಸಿ', ಅವರು 'ಎ'. 4ಕೆ ಡಿಸ್ಕಿಗೆ ಮಾತ್ರ ವಲಯದ ಬೀಗವಿಲ್ಲ, ತರಿಸುವುದಾದರೆ ಅದನ್ನೇ ತರಿಸಿ. 4ಕೆ ಪ್ಲೇಯರ್ ಇರಬೇಕು ಅಷ್ಟೆ.

ಒರೆಸುವುದಕ್ಕೂ ಕ್ರಮವಿದೆ. ಬಟ್ಟೆಯನ್ನು ದುಂಡಗೆ ತಿರುಗಿಸದೆ ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ಅಡ್ಡ ಗೀರನ್ನು ಪ್ಲೇಯರಿನ ತಪ್ಪು ತಿದ್ದುವ ಗಣಿತ ಸರಿದೂಗಿಸುತ್ತದೆ. ಸುರುಳಿಯ ಗುಂಟ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಸಾಲಾಗಿ ಅಳಿಸುತ್ತದೆ. ವಿಸಿಡಿಯಲ್ಲಿ ಮಾಹಿತಿ ಇರುವುದು ಚಿತ್ರ ಅಂಟಿಸಿದ ಮೇಲ್ಮೈಯ ಕೆಳಗೇ, ಆದ್ದರಿಂದ ಅಲ್ಲಿ ಪೆನ್ನಿನಿಂದ ಒತ್ತಿ ಬರೆಯಬಾರದು.

ನಿಮ್ಮ ಕಪಾಟಿನಲ್ಲಿ ಹಳೆಯ ಕನ್ನಡ ಪೌರಾಣಿಕ ಚಿತ್ರಗಳ ಡಿಸ್ಕುಗಳಿದ್ದರೆ ಗುಜರಿಗೆ ಹಾಕುವ ಮುನ್ನ ಅದೇ ಚಿತ್ರ ಒಟಿಟಿಯಲ್ಲಿದೆಯೇ, ಇದ್ದರೆ ಪೂರ್ತಿ ಇದೆಯೇ ನೋಡಿ. ಇಲ್ಲವಾದರೆ ಡಿಸ್ಕನ್ನು ಡಬ್ಬಿಯಲ್ಲಿ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಿ. ಓಡುವ ಒಂದು ಪ್ಲೇಯರನ್ನೂ ಜೊತೆಗೆ ಇಟ್ಟುಕೊಳ್ಳಿ.