ಸೇನೆಯ ಹಳೆ ಪೆಟ್ಟಿಗೆ: ಅಕ್ಷರ ಅಳಿಸಿದರೆ ಉಳಿಯುವುದು ಬರೀ ಹಲಗೆ

ಕಲ್ಯಾಣ್: ಸೋಫಾ, ಕಪಾಟು ಕೊಳ್ಳಲೆಂದು ಉಲ್ಲಾಸ್‌ನಗರದ ಫರ್ನಿಚರ್ ಬಜಾರಿಗೆ ಹೋಗಿಬರುವ ಥಾಣೆ, ಡೊಂಬಿವಲಿ, ನವಿಮುಂಬಯಿಯ ತುಳು-ಕನ್ನಡಿಗರಿಗೆ ಅಲ್ಲಿನ ಬಡಾವಣೆಗಳನ್ನು ಇಂದಿಗೂ ಕ್ಯಾಂಪ್ ನಂಬರ್ ಒಂದು, ಎರಡು, ಮೂರು ಎಂದೇ ಕರೆಯುವುದು ಗೊತ್ತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಊರು ಸೈನಿಕರ ತಂಗುದಾಣವಾಗಿದ್ದ ಕಲ್ಯಾಣ್ ಕ್ಯಾಂಪ್. ಯುದ್ಧ ಮುಗಿದ ಮೇಲೆ ಅದೇ ಬ್ಯಾರಕ್‌ಗಳಲ್ಲಿ ಸಿಂಧ್ ತೊರೆದು ಬಂದ ನಿರಾಶ್ರಿತರು ಸಂಸಾರ ಹೂಡಿದರು. ಉಲ್ಲಾಸ್‌ನಗರವೆಂಬ ಹೆಸರು ಬಂದದ್ದು 1949ರ ಆಗಸ್ಟ್ 8ರಂದು.

ಸೈನ್ಯ ಹೋದಲ್ಲೆಲ್ಲ ಮರದ ಪೆಟ್ಟಿಗೆಗಳೂ ಹೋಗುತ್ತವೆ. ಗುಂಡು, ಔಷಧ, ಉಪಕರಣ ಎಲ್ಲಕ್ಕೂ ಒಂದೊಂದು ಅಳತೆಯ ಪೆಟ್ಟಿಗೆ. ಇಂದು ಅವನ್ನು ಹುಡುಕಿ ಸಂಗ್ರಹಿಸುವವರಿದ್ದಾರೆ. ಮುಂಬಯಿಯ ಚೋರ್ ಬಜಾರ್ ಅಂಥವರ ಹಳೆಯ ಠಿಕಾಣೆ. ಆದರೆ ಭಂಗಾರದವನ ಗಾಡಿಯೇರಿ ಸೌದೆಯಾದವುಗಳ ಲೆಕ್ಕ ಇಟ್ಟವರು ಯಾರು?

ಪೆಟ್ಟಿಗೆಯ ಬೆಲೆ ಮರದಲ್ಲಿಲ್ಲ, ಬರಹದಲ್ಲಿದೆ. ಬ್ರಿಟಿಷ್ ಸರಕಾರದ ಸೊತ್ತಿಗೆ ಬಾಣದ ಮೊನೆಯಂಥ ಮೂರು ಗೆರೆಗಳ ಗುರುತು ಹಾಕುತ್ತಿದ್ದರು. ಅದರ ಪಕ್ಕದಲ್ಲಿ ವರ್ಷ, ಒಳಗಿನ ಸರಕಿನ ವಿವರ ಇದ್ದರೆ ಆ ಪೆಟ್ಟಿಗೆ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಹಿಡಿಕೆಗೆ ಹಗ್ಗ, ತೇವ ತಾಗದಂತೆ ಒಳಗೆ ತಗಡಿನ ಹೊದಿಕೆ. ಮದ್ದಿನ ಪೆಟ್ಟಿಗೆಗಳಲ್ಲಿ ಕಬ್ಬಿಣದ ಬದಲು ಹಿತ್ತಾಳೆ, ತಾಮ್ರದ ಮೊಳೆ ಬಳಸುತ್ತಿದ್ದುದಕ್ಕೂ ಕಾರಣವಿದೆ: ಕಬ್ಬಿಣ ಉಜ್ಜಿದರೆ ಕಿಡಿ ಹಾರುತ್ತದೆ. ಕಿಡಿ ಏನು ಮಾಡಬಲ್ಲದೆಂದು ಮುಂಬಯಿಗೆ ಬೇರೆ ಹೇಳಬೇಕಿಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಸ್ಫೋಟಗೊಂಡ ‘ಫೋರ್ಟ್ ಸ್ಟಿಕಿನ್’ ಹಡಗಿನಲ್ಲಿ ಹತ್ತಿಯ ಜೊತೆಗೇ ಮದ್ದುಗುಂಡು ತುಂಬಿತ್ತು. 31 ಮರದ ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿಗಳೂ ಇದ್ದವು. ಅಂದು ಮಡಿದ ಬೆಂಕಿದಳದವರ ನೆನಪಿಗಾಗಿಯೇ ಪ್ರತಿವರ್ಷ ಆ ದಿನ ಅಗ್ನಿಶಾಮಕ ಸೇವಾ ದಿನಾಚರಣೆ.

ಈಗ ಸೇನೆಯ ಪೆಟ್ಟಿಗೆ ಮನೆಯಲ್ಲಿ ಟೀಪಾಯಿ ಆಗುವ ಕಾಲ. ಬೇಡಿಕೆ ಇದ್ದಲ್ಲಿ ನಕಲಿಯೂ ಇರುತ್ತದೆ. ನವಿಮುಂಬಯಿಯ ನ್ಹಾವಾ ಶೇವಾ ಬಂದರಿಗೆ ಯಂತ್ರಭಾಗ ಹೊತ್ತು ಬರುವ ಪೆಟ್ಟಿಗೆಗೆ ಹಸಿರು ಬಣ್ಣ ಬಳಿದು ನಾಲ್ಕು ಅಕ್ಷರ ಒತ್ತಿದರೆ ನೋಡುವವರಿಗೆ ಅದೂ ‘ಮಿಲಿಟರಿ ಪೆಟ್ಟಿಗೆ’! ಹಲಗೆಯಲ್ಲಿ ಗೋಧಿ ತೆನೆಯ ಚಿತ್ರವೂ ಇಂಗ್ಲಿಷಿನ ಎಚ್‌ಟಿ ಅಥವಾ ಎಂಬಿ ಅಕ್ಷರಗಳೂ ಕಂಡರೆ ಅದು ಯುದ್ಧಕಾಲದ್ದಲ್ಲ. ಕೀಟ ಹರಡದಂತೆ ಮರ ಸಂಸ್ಕರಿಸಿದ್ದಕ್ಕೆ 2002ರಲ್ಲಿ ಒಪ್ಪಿತವಾದ ಅಂತಾರಾಷ್ಟ್ರೀಯ ನಿಯಮದ ಮುದ್ರೆ ಅದು. ಎಂಬಿ ಎಂದರೆ ವಿಷಾನಿಲದ ಹೊಗೆ ಕೊಟ್ಟದ್ದು. ಅಂಥದರಲ್ಲಿ ಅಕ್ಕಿ, ಬೇಳೆ ತುಂಬಿಡುವುದು ಬೇಡ.

ಅಸಲಿ ಪೆಟ್ಟಿಗೆ ಕೈಗೆ ಬಂದರೂ ಅದನ್ನು ಕೆಡಿಸುವುದು ಹೆಚ್ಚಾಗಿ ನಮ್ಮ ಉತ್ಸಾಹವೇ. ಬಡಗಿಗೆ ಕೊಟ್ಟು ಹಲಗೆ ಉಜ್ಜಿಸಿ ಪಾಲಿಶ್ ಹೊಡೆಸಿದರೆ ಬಾಣವೂ ಹೋಯಿತು, ವರ್ಷವೂ ಹೋಯಿತು. ಹಳೆ ಬಣ್ಣದಲ್ಲಿ ಸೀಸ ಇರುವ ಸಂಭವ ಇರುವುದರಿಂದ ಆ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದೂ ಅಲ್ಲ. ಒಣ ಬ್ರಷ್‌ನಿಂದ ಮೆಲ್ಲಗೆ ಧೂಳು ತೆಗೆದು, ಮಳೆಗಾಲದಲ್ಲಿ ನೆಲದ ತೇವ ತಾಗದಂತೆ ಇಟ್ಟಿಗೆಯ ಮೇಲೆ ಏರಿಸಿಟ್ಟರೆ ಸಾಕು. ಒಳಗೆ ತಪ್ಪಿ ಒಂದು ಗುಂಡು ಉಳಿದಿದ್ದರೂ ಕೈಹಾಕದೆ ಪೊಲೀಸರಿಗೆ ತಿಳಿಸಬೇಕು.

ಊರಿನ ಮನೆಯ ಅಟ್ಟದಲ್ಲೂ ನಿವೃತ್ತ ಸೈನಿಕರ ಹೆಸರು, ನಂಬರು ಬರೆದ ಪೆಟ್ಟಿಗೆಗಳು ಇರಬಹುದು. ಈ ಬಾರಿ ಊರಿಗೆ ಹೋದಾಗ, ಗೆದ್ದಲಿಗೆ ಮೊದಲು, ಅವುಗಳ ಒಂದು ಫೋಟೋವನ್ನಾದರೂ ತೆಗೆದುಕೊಂಡು ಬರಬಹುದು.